‘ದೇಶದ ಅಮ್ಮ’ ಇಂಗೆ ಮೈಜೆಲ್: ಯಾರಿಗಾದರೂ ಗೊತ್ತಾ?

ಎಲ್ಬೆ ದಂಡೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಬಂದು ಆರು ವರ್ಷವಾಯಿತು. ನಮ್ಮ ಮನೆ ಓನರ್ ಅಜ್ಜಿಗೆ ಎಪ್ಪತ್ತು ದಾಟಿದೆ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಹೋದ ತಿಂಗಳು ಕರೆಂಟ್ ಬಿಲ್ ವಿಷಯ ಕೇಳಲು ಹೋಗಿದ್ದೆ. ಅಜ್ಜಿ ಯಾವುದೋ ಹಳೇ ಕಪ್ಪು-ಬಿಳುಪಿನ ಸೀರಿಯಲ್‌ನ ಡಿವಿಡಿ ಹಾಕಿಕೊಂಡು ಕೂತಿದ್ದರು. ಪರದೆ ಮೇಲೆ ಒಬ್ಬ ಪುಟ್ಟ ಹೆಂಗಸು. ಮನೆಯವರನ್ನೆಲ್ಲ ಒಂದೇ ಉಸಿರಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದಾರೆ. ನನಗೆ ಅರ್ಧ ಭಾಷೆ ಅರ್ಥವಾಗಲಿಲ್ಲ, ಆದರೂ ನಗು ಬಂತು. ನಮ್ಮ ದೊಡ್ಡಮ್ಮ ಥೇಟ್ ಹೀಗೇ.

‘ಯಾರಿವರು?’ ಅಂದೆ. ಅಜ್ಜಿ ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ಕರ್ನಾಟಕಕ್ಕೆ ಬಂದು ‘ಯಾರು ರಾಜ್‌ಕುಮಾರ್?’ ಅಂತ ಕೇಳಿದ ಹಾಗೆ. ‘ಇಂಗೆ! ಮುಟರ್ ದೇರ್ ನಾಟ್ಸಿಯೋನ್!’ ಅಂದರು. ದೇಶದ ಅಮ್ಮ ಅಂತ ಅರ್ಥ.

ಆಮೇಲೆ ಕೂತು ಓದಿದೆ. ನಟಿ ಇಂಗೆ ಮೈಜೆಲ್ ಹುಟ್ಟಿದ್ದು 1910ರ ಮೇ 30, ಬರ್ಲಿನ್ ಪಕ್ಕದ ರಿಕ್ಸ್‌ಡಾರ್ಫ್‌ನಲ್ಲಿ. ಈಗ ಅದು ಬರ್ಲಿನ್ನಿನ ಒಳಗೇ ಇದೆ, ನಾಯ್‌ಕೋಲ್ನ್ ಅಂತ ಹೆಸರು. ತೀರಿಕೊಂಡಿದ್ದು 2004ರ ಜುಲೈ 10, ನಮ್ಮ ಹ್ಯಾಂಬರ್ಗ್ ಹತ್ತಿರದ ಬುಲ್ಲೆನ್‌ಹೌಸೆನ್‌ನಲ್ಲಿ. 94 ವರ್ಷದ ಬದುಕು. ಜರ್ಮನ್ ಟಿವಿಯ ಅಮ್ಮ ಅಂದರೆ ಅವರೇ. ಸ್ವಂತ ಮಕ್ಕಳು ಮಾತ್ರ ಇರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಇವರನ್ನು ‘ಅಮ್ಮ’ ಅಂದ ಇದೇ ದೇಶ 1933ರಿಂದ 1945ರವರೆಗೆ ಇವರಿಗೆ ವೇದಿಕೆ ಹತ್ತಲು ಬಿಟ್ಟಿರಲಿಲ್ಲ.

ಇವರ ಬಗ್ಗೆ ಗೊತ್ತಿರುವವರು ಇದ್ದರೆ ಬರೆಯಿರಿ.

ಒಗ್ಗರಣೆ ಡಬ್ಬಿ:
ಇಂಗೆ ಅಂದರೆ ಇಂಗಾ? ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ಹಂಗೆ ಇಂಗೆ ಇದ್ದರೆ ಎಂಥ ಸೀರಿಯಲ್ಲೂ ಓಡುತ್ತಿತ್ತಾ?

ಎಲ್ಬೆ ದಂಡೆ:
ತಮಾಷೆಗೆ ಕೇಳಿದಿರಿ, ಆದರೆ ನಿಜ. ಓಡುತ್ತಿತ್ತು.

ಕಾಗುಣಿತ:
‘ಮೈಸೆಲ್’ ಅಲ್ವಾ? ಅಕ್ಷರ ನೋಡಿದರೆ ಹಾಗೆ ಕಾಣುತ್ತೆ.

ಹಳೇ ವಿದ್ಯಾರ್ಥಿ:
ಅಲ್ಲ ಸರ್. ಜರ್ಮನ್‌ನಲ್ಲಿ ಎರಡು ಸ್ವರದ ನಡುವೆ ಬರುವ ‘ಸ’ಕಾರ ‘ಜ್’ ಥರ ಕೇಳಿಸುತ್ತೆ. ಮೈಜೆಲ್ ಸರಿ. ಪೂರ್ತಿ ‘ಜ’ ಕೂಡ ಅಲ್ಲ, ನಮ್ಮ ಲಿಪಿಯಲ್ಲಿ ಆ ಧ್ವನಿಗೆ ಅಕ್ಷರ ಇಲ್ಲ ಅಷ್ಟೇ.

ನಾನು ಎಂಬತ್ತರ ದಶಕದಲ್ಲಿ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವನು. ಆಗ ನಮ್ಮ ಮೇಡಂ ಒಬ್ಬರು ಈ ಹೆಸರು ಹೇಳುತ್ತಿದ್ದರು. ‘ಬರ್ಲಿನ್ ಜನ ಮಾತಾಡುವ ಜರ್ಮನ್ ಬೇಕಾ? ಇಂಗೆ ಮೈಜೆಲ್ ಕೇಳಿ’ ಅಂತ. ಕೇಳೋಣ ಅಂದರೆ ಕ್ಯಾಸೆಟ್ ಎಲ್ಲಿತ್ತು? ಸುಮ್ನೆ ಹೆಸರು ತಲೆಯಲ್ಲಿ ಉಳಿಯಿತು. ನಲವತ್ತು ವರ್ಷ ಆದ ಮೇಲೆ ಇಲ್ಲಿ ಸಿಕ್ಕಿತು, ಸಂತೋಷ.

ಪರದೆ ಹಿಂದೆ:
ನಾನು ಕನ್ನಡ ಸೀರಿಯಲ್‌ಗಳಿಗೆ ಸಂಭಾಷಣೆ ಬರೆಯುವವನು. ಅಜ್ಜಿ ನೋಡುತ್ತಿದ್ದ ಸೀರಿಯಲ್ ಯಾವುದು ಅಂತ ಹೇಳಿ. ‘ಡೀ ಉನ್‌ಫರ್‌ಬೆಸ್ಸರ್‌ಲಿಖೆನ್’ ಇರಬೇಕು.

ಎಲ್ಬೆ ದಂಡೆ:
ಅದೇ! ಕನ್ನಡದಲ್ಲಿ ಏನು ಹೇಳಬಹುದು? ‘ತಿದ್ದೋಕಾಗದವರು’?

ಒಗ್ಗರಣೆ ಡಬ್ಬಿ:
‘ಹುಟ್ಟುಗುಣ ಸುಟ್ಟರೂ ಹೋಗದವರು.’

ಪರದೆ ಹಿಂದೆ:
ಡಬ್ಬಿಯವರದ್ದೇ ವಾಸಿ.

ಇದರ ಲೆಕ್ಕ ಕೇಳಿದರೆ ನಮ್ಮ ಚಾನೆಲ್‌ನವರು ಕುರ್ಚಿಯಿಂದ ಬೀಳುತ್ತಾರೆ. 1965ರಿಂದ 1971, ಒಟ್ಟು ಏಳು ಕಂತು. ಏಳು ನೂರಲ್ಲ, ಏಳು! ವರ್ಷಕ್ಕೆ ಒಂದು, ಅದೂ ಅಮ್ಮಂದಿರ ದಿನದಂದು. ಅಂದರೆ ಮೇ ತಿಂಗಳ ಎರಡನೇ ಭಾನುವಾರ. ನಾವು ವಾರಕ್ಕೆ ಐದಾರು ಕಂತು ಬರೆಯುತ್ತೇವೆ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನ ಶೂಟಿಂಗ್ ಆಗಿರುತ್ತೆ. ಅತ್ತೆ ಒಂದು ಬಾಗಿಲು ತೆಗೆಯುವುದನ್ನು ಮೂರು ಕಡೆಯಿಂದ ತೋರಿಸಿ ಅರ್ಧ ನಿಮಿಷ ತುಂಬಿಸುತ್ತೇವೆ. ಅಲ್ಲಿ ರಾಬರ್ಟ್ ಸ್ಟ್ರೋಂಬರ್ಗರ್ ಅನ್ನುವ ಲೇಖಕ ಒಂದು ಕಂತಿಗೆ ಒಂದು ವರ್ಷ ತೆಗೆದುಕೊಂಡರು. ಹೊಟ್ಟೆಕಿಚ್ಚು ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ಕಥೆ ದೊಡ್ಡದೇನಲ್ಲ. ಶೋಲ್ಟ್ಸ್ ಅನ್ನುವ ಸಾಧಾರಣ ಸಂಸಾರ. ಅಮ್ಮ ಕೇಟೆ ಪಾತ್ರ ಮೈಜೆಲ್ ಅವರದು. ಗಂಡ ಕುರ್ಟ್ ಆಗಿ ಯೋಸೆಫ್ ಓಫೆನ್‌ಬಾಖ್, ಮಗಳು ಡೋರಿಸ್ ಆಗಿ ಮೋನಿಕಾ ಪೈಚ್. ದುಡ್ಡಿನ ತಾಪತ್ರಯ, ಮಕ್ಕಳ ಮದುವೆ, ಮನಸ್ತಾಪ, ಇಷ್ಟೇ. ವರ್ಷಕ್ಕೊಮ್ಮೆ ಬರುವುದರಿಂದ ನೋಡುವವರಿಗೂ ಒಂದು ವರ್ಷ ವಯಸ್ಸಾಗಿರುತ್ತೆ, ಪಾತ್ರಕ್ಕೂ ವಯಸ್ಸಾಗಿರುತ್ತೆ. ಮೇಕಪ್ ಹಾಕಿ ಕೂದಲು ಬೆಳ್ಳಗೆ ಮಾಡುವ ಕೆಲಸ ಇಲ್ಲ. ದೂರದ ನೆಂಟರು ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಾರಲ್ಲ, ‘ಅರೆ, ಇಳಿದು ಹೋಗಿದ್ದಾರಲ್ಲ’ ಅನ್ನಿಸುತ್ತಲ್ಲ, ಹಾಗೆ.

ಎಲ್ಬೆ ದಂಡೆ:
ಅಜ್ಜಿ ಹೇಳಿದ್ದು ಇದಕ್ಕೆ ಸೇರಿಸುತ್ತೇನೆ. ಆಗ ಅವರಿಗೆ ಹನ್ನೆರಡು-ಹದಿಮೂರು ವರ್ಷ. ಅಮ್ಮಂದಿರ ದಿನ ಸಂಜೆ ಅವರ ಅಮ್ಮ ಅಡುಗೆ ಮನೆಗೇ ಹೋಗುತ್ತಿರಲಿಲ್ಲವಂತೆ. ಬ್ರೆಡ್ಡು, ಚೀಸು, ಉಪ್ಪುನೀರಿನ ಸೌತೆಕಾಯಿ ಮೇಜಿನ ಮೇಲೆ ಇಟ್ಟುಬಿಡುವುದು. ಪಕ್ಕದ ಮನೆಯವರಿಗೆ ಟಿವಿ ಇರಲಿಲ್ಲ. ಅವರೂ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಬರುತ್ತಿದ್ದರು. ‘ಕೇಟೆ ಗಂಡನಿಗೆ ಬೈದಾಗ ನಮ್ಮಮ್ಮ ಅಪ್ಪನ ಕಡೆ ತಿರುಗಿ ನೋಡುತ್ತಿದ್ದರು. ಅಪ್ಪ ಚೀಸ್ ನೋಡುತ್ತಿದ್ದರು’ ಅಂದರು.

ಮಧ್ಯಾಹ್ನದ ಕಾಫಿ:
ಅಯ್ಯೋ, ಇದು ದೂರದರ್ಶನದ ರಾಮಾಯಣದ ಕಾಲದ ಕಥೆ ಇದ್ದ ಹಾಗೇ ಇದೆಯಲ್ರೀ! ನಮ್ಮ ಮನೆಯಲ್ಲಿ ಚಾಪೆ ಹಾಸುತ್ತಿದ್ದೆವು. ಅರ್ಧ ಬೀದಿ ನಮ್ಮ ಹಾಲ್‌ನಲ್ಲಿ.

ಹಳೇ ವಿದ್ಯಾರ್ಥಿ:
ಅದಕ್ಕೆ ಜರ್ಮನ್‌ನಲ್ಲಿ ಒಂದು ಪದವೇ ಇದೆ ಮೇಡಂ. ‘ಸ್ಟ್ರಾಸೆನ್‌ಫೇಗರ್’. ಅಕ್ಷರಶಃ ಬೀದಿ ಗುಡಿಸುವವನು. ಟಿವಿಯಲ್ಲಿ ಅದು ಬಂದರೆ ಬೀದಿಯಲ್ಲಿ ನರಪಿಳ್ಳೆ ಇರಲ್ಲ, ಗುಡಿಸಿದ ಹಾಗೆ ಖಾಲಿ ಅಂತ. ಪಶ್ಚಿಮ ಜರ್ಮನಿಯಲ್ಲಿ ಆಗ ಇದ್ದದ್ದು ಎರಡು ಮುಖ್ಯ ಚಾನೆಲ್. ಎರಡನೆಯದು ಶುರುವಾದದ್ದೇ 1963ರಲ್ಲಿ. ಕಲರ್ ಟಿವಿ ಬಂದದ್ದು 1967ರಲ್ಲಿ.

ನೇರಮಾತು:
ಎರಡೇ ಚಾನೆಲ್ ಇದ್ದರೆ ಯಾರು ಬೇಕಾದರೂ ದೇಶದ ಅಮ್ಮ ಆಗಬಹುದು. ಬೇರೆ ಆಯ್ಕೆ ಇಲ್ಲವಲ್ಲ. ಇದರಲ್ಲಿ ನಟನೆಯ ಪಾಲು ಎಷ್ಟು, ಕಾಲದ ಪಾಲು ಎಷ್ಟು? ಒಬ್ಬ ಹೆಂಗಸು ಏಪ್ರನ್ ಕಟ್ಟಿಕೊಂಡು ಸಂಸಾರಕ್ಕೆ ಒದ್ದಾಡಿದರೆ ‘ಆಹಾ, ತಾಯಿ’ ಅಂತ ಕೈ ಮುಗಿಯುವುದು ಎಲ್ಲ ದೇಶದಲ್ಲೂ ಇದೆ. ನಮ್ಮಲ್ಲಿ ಪಂಢರಿಬಾಯಿಯವರಿಗೆ ಮಾಡಿದ್ದೂ ಅದೇ.

ಪರದೆ ಹಿಂದೆ:
ಕಾಲದ ಪಾಲು ಇದೆ, ಒಪ್ಪಿದೆ. ಆದರೆ ಪಂಢರಿಬಾಯಿ ಹೋಲಿಕೆ ಅರ್ಧ ಮಾತ್ರ ಸರಿ. ಪಂಢರಿಬಾಯಿ 1954ರಲ್ಲಿ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್‌ಗೆ ನಾಯಕಿ. ಆಮೇಲೆ ಅದೇ ರಾಜ್‌ಕುಮಾರ್‌ಗೆ ತಾಯಿ. ಏನೇ ಆಗಲಿ, ಅವರಿಗೆ ನಾಯಕಿಯಾಗುವ ಕಾಲವಾದರೂ ಸಿಕ್ಕಿತು. ಮೈಜೆಲ್‌ಗೆ ಅದೇ ಸಿಗಲಿಲ್ಲ.

ಲೆಕ್ಕ ಹಾಕಿ. ಹದಿನೇಳಕ್ಕೆ ಶಾಲೆ ಬಿಟ್ಟು ನಟನೆ ಕಲಿತರು. 1930ರಲ್ಲಿ ತ್ಸ್ವಿಕಾವ್ ಊರಿನ ರಂಗಮಂದಿರದಲ್ಲಿ ಮೊದಲ ಕೆಲಸ. ಆಮೇಲೆ ಲೈಪ್‌ಸಿಗ್, ಬರ್ಲಿನ್. ಮೂರು ವರ್ಷಕ್ಕೆ ಬಾಗಿಲು ಹಾಕಿಬಿಟ್ಟರು. ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಬಾಗಿಲು ಮತ್ತೆ ತೆರೆದಾಗ 35. ನಟಿಯ ಬದುಕಿನಲ್ಲಿ ಈ ಹನ್ನೆರಡು ವರ್ಷ ಅಂದರೆ ಏನು ಅಂತ ನಮ್ಮ ಫೀಲ್ಡ್‌ನ ಯಾರನ್ನಾದರೂ ಕೇಳಿ. ಪ್ರೇಮಿಸುವ ಪಾತ್ರ, ಓಡಿಹೋಗುವ ಪಾತ್ರ, ಮದುವೆಯಾಗುವ ಪಾತ್ರ, ಎಲ್ಲ ಆ ವಯಸ್ಸಿನಲ್ಲೇ ಬರುವುದು. ಅದನ್ನೆಲ್ಲ ಕಿತ್ತುಕೊಂಡರು. ಆಮೇಲೆ ‘ಅಮ್ಮನ ಪಾತ್ರಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತಾರೆ’ ಅಂದರು. ಒಗ್ಗದೆ ಏನು ಮಾಡುತ್ತಾರೆ?

ಮಧ್ಯಾಹ್ನದ ಕಾಫಿ:
ಇದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ನಿಷೇಧ ಹಾಕಿದ್ದು ಯಾಕೆ? ಏನಾದರೂ ವಿರುದ್ಧ ಮಾತಾಡಿದ್ದರಾ?

ಹಳೇ ವಿದ್ಯಾರ್ಥಿ:
ಮಾತಾಡಬೇಕಾಗಿಯೇ ಇರಲಿಲ್ಲ. ತಂದೆ ಯಹೂದಿ, ತಂಬಾಕು ವ್ಯಾಪಾರಿ. ತಾಯಿ ಡೆನ್ಮಾರ್ಕಿನವರು. ನಾತ್ಸಿಗಳ ಲೆಕ್ಕದಲ್ಲಿ ಮಗಳು ‘ಅರ್ಧ ಯಹೂದಿ’. 1933ರಲ್ಲೇ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಕೈಕೆಳಗೆ ಒಂದು ಸಂಸ್ಕೃತಿ ಮಂಡಳಿ ಮಾಡಿದರು. ನಟರು, ಸಂಗೀತಗಾರರು, ಬರಹಗಾರರು ಎಲ್ಲರೂ ಅದರ ಸದಸ್ಯರಾಗಲೇಬೇಕು. ಸದಸ್ಯತ್ವ ಇಲ್ಲ ಅಂದರೆ ಕೆಲಸ ಇಲ್ಲ. ಯಾರನ್ನೂ ಕೂಗಾಡಿ ಓಡಿಸಬೇಕಿಲ್ಲ, ಒಂದು ಚೀಟಿ ಕೊಡದೆ ಇದ್ದರೆ ಸಾಕು. ಮೇಜಿನ ಹಿಂದೆ ಕೂತು ಮಾಡುವ ಕ್ರೌರ್ಯ.

ಮೈಜೆಲ್ ಮೊದಲು ಡಾಂಟ್ಸಿಗ್‌ಗೆ ಹೋದರು, ಆಗ ಅದು ಬೇರೆ ಆಡಳಿತದ ಊರು, ಈಗ ಪೋಲೆಂಡಿನ ಗ್ದಾನ್ಸ್ಕ್. ಮುಂದೆ ಮೊದಲ ಗಂಡನಾದ ನಟ ಹೆಲ್ಮುಟ್ ರುಡಾಲ್ಫ್ ಜೊತೆ ಇದ್ದರು, ಆಮೇಲೆ ಹ್ಯಾಂಬರ್ಗ್‌ಗೆ ಬಂದರು. ಯುದ್ಧ ಮುಗಿಯುವ ತನಕ ಮದುವೆಯಾಗಲೂ ಕಾನೂನು ಅಡ್ಡ. ತಂದೆ ಬರ್ಲಿನ್ನಿನಲ್ಲಿ ಅಡಗಿಕೊಂಡಿದ್ದು ಹೇಗೋ ಬದುಕಿ ಉಳಿದರು.

1945ರಲ್ಲಿ ಹ್ಯಾಂಬರ್ಗ್‌ನ ಥಾಲಿಯಾ ಥಿಯೇಟರ್‌ನ ಮುಖ್ಯಸ್ಥ ವಿಲ್ಲಿ ಮೇರ್ಟೆನ್ಸ್ ಇವರನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಸುಮಾರು ಹತ್ತು ವರ್ಷ ಅಲ್ಲಿ ನಾಟಕ ಮಾಡಿದರು. ಹಾಗಾಗಿ ಪರದೆ ಹಿಂದೆಯವರ ಮಾತಿಗೆ ಸಣ್ಣ ತಿದ್ದುಪಡಿ: ವಾಪಸ್ ಬಂದ ತಕ್ಷಣ ಅಮ್ಮ ಆಗಿಬಿಡಲಿಲ್ಲ. ಅದಕ್ಕೂ ಹದಿನೈದು ವರ್ಷ ಹಿಡಿಯಿತು.

ಪರದೆ ಹಿಂದೆ:
ಸರಿ, ತಿದ್ದಿಕೊಂಡೆ. ಅಂದರೆ ಹೆಸರು ಬಂದಾಗ ಐವತ್ತು.

ಹಳೇ ವಿದ್ಯಾರ್ಥಿ:
ಹೌದು, 1960ರ ಹೊತ್ತಿಗೆ. ಬರ್ಲಿನ್ನಿನ ಹೆಬ್ಬೆಲ್ ಥಿಯೇಟರಿನಲ್ಲಿ ‘ಕಾರಿಡಾರ್ ಕಡೆಗಿನ ಕಿಟಕಿ’ ಅನ್ನುವ ಅರ್ಥದ ಒಂದು ನಾಟಕ. ಅದರಲ್ಲಿ ಅನ್ನಿ ವೀಸ್ನರ್ ಅಂತ ವಠಾರ ನೋಡಿಕೊಳ್ಳುವ ಹೆಂಗಸಿನ ಪಾತ್ರ. ವಠಾರ ಅನ್ನುವ ಪದ ಬೇಕಂತಲೇ ಹಾಕಿದೆ. ಬರ್ಲಿನ್ನಿನ ಹಳೇ ಬಾಡಿಗೆ ಕಟ್ಟಡಗಳು ನಮ್ಮ ವಠಾರಕ್ಕೆ ತುಂಬ ಹತ್ತಿರ, ಅಂತಸ್ತು ಜಾಸ್ತಿ ಅಷ್ಟೇ. ನಡುವೆ ಅಂಗಳ, ಸುತ್ತ ಮನೆಗಳು, ಬಾಗಿಲ ಬಳಿ ಇವರ ಕಿಟಕಿ. ಯಾರು ಬಂದರು, ಯಾರು ಹೋದರು, ಎಲ್ಲ ಇವರಿಗೆ ಗೊತ್ತು. ಮಕ್ಕಳು ತನಗಿಂತ ಮೇಲೆ ಬರಬೇಕು ಅನ್ನುವ ಹಟ. ‘ದೇಶದ ಅಮ್ಮ’ ಅನ್ನುವ ಹೆಸರು ಅಂಟಿದ್ದು ಆ ನಾಟಕದಿಂದ. ಟಿವಿ ಅದನ್ನು ಗಟ್ಟಿ ಮಾಡಿತು.

ನೇರಮಾತು:
ಹೆಸರು ಅಂಟಿತು, ಇವರು ಸುಮ್ನೆ ಒಪ್ಪಿಕೊಂಡರು. ನನಗೆ ಕಿರಿಕಿರಿ ಇಲ್ಲೇ. ನಿನ್ನ ಅಪ್ಪನನ್ನು ಬಿಲದಲ್ಲಿ ಇಲಿಯ ಹಾಗೆ ಬದುಕಿಸಿದ ಜನ. ಇಪ್ಪತ್ತು ವರ್ಷ ಆಗಿಲ್ಲ. ಅದೇ ಜನರ ಬೈಠಕ್ ಕೋಣೆಯಲ್ಲಿ ಕೂತು ನಗಿಸುವುದು! ನಾನಾಗಿದ್ದರೆ ಅಮೆರಿಕಕ್ಕೆ ಹೋಗಿರುತ್ತಿದ್ದೆ.

ಒಗ್ಗರಣೆ ಡಬ್ಬಿ:
ವೀಸಾ?

ಎಲ್ಬೆ ದಂಡೆ:
ನೇರಮಾತು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತೆ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ನಟಿಗೆ ಭಾಷೆ ಅಂದರೆ ಅನ್ನ. ಬರ್ಲಿನ್ ಮಾತಿನ ಧಾಟಿಯೇ ಇವರ ಬಂಡವಾಳ. ನ್ಯೂಯಾರ್ಕ್‌ನಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ನಾನು ಇಲ್ಲಿ ಆರು ವರ್ಷದಿಂದ ಇದ್ದೇನೆ, ಆಫೀಸಿನಲ್ಲಿ ಎಲ್ಲ ನಡೆಯುತ್ತೆ. ಆದರೆ ಒಂದು ಜೋಕ್ ಹೇಳಿ ಸರಿಯಾದ ಸಮಯಕ್ಕೆ ನಗಿಸಲು ಇವತ್ತಿಗೂ ಆಗಲ್ಲ.

ಮತ್ತೆ ಸುಮ್ನೆ ನಗಿಸಿಕೊಂಡು ಇದ್ದವರೂ ಅಲ್ಲ. 1978ರಲ್ಲಿ ಸ್ಟರ್ನ್ ಪತ್ರಿಕೆ ಮೇಲೆ ಕೇಸ್ ಹಾಕಿದ ಹತ್ತು ಹೆಂಗಸರಲ್ಲಿ ಇವರೂ ಒಬ್ಬರು. ಸ್ತ್ರೀವಾದಿ ಪತ್ರಕರ್ತೆ ಅಲೀಸ್ ಶ್ವಾರ್ಜರ್ ಮುಂದಾಳು. ಮುಖಪುಟದಲ್ಲಿ ಹೆಂಗಸರ ಬೆತ್ತಲೆ ಚಿತ್ರಗಳನ್ನು ಸರಕಿನ ಹಾಗೆ ಹಾಕುತ್ತೀರಿ ಅನ್ನುವುದು ದೂರು. ಹ್ಯಾಂಬರ್ಗ್ ಕೋರ್ಟಿನಲ್ಲಿ ಸೋತರು. ಆದರೆ ಆ ಕೇಸನ್ನು ಇಲ್ಲಿ ಈಗಲೂ ಜನ ಎತ್ತಿ ಆಡುತ್ತಾರೆ. ಆಗ ಇವರಿಗೆ 68. ದೇಶದ ಅಮ್ಮ ಕೋರ್ಟ್ ಮೆಟ್ಟಿಲು ಹತ್ತುತ್ತಾರೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ.

ಮಧ್ಯಾಹ್ನದ ಕಾಫಿ:
ಭೇಷ್!

ಎಲ್ಬೆ ದಂಡೆ:
ಇನ್ನೂ ಕೇಳಿ. 1981ರಲ್ಲಿ ಸರ್ಕಾರ ಫೆಡರಲ್ ಗೌರವ ಪದಕ ಕೊಡಲು ಬಂತು, ನಮ್ಮ ಪದ್ಮ ಪ್ರಶಸ್ತಿ ಇದ್ದ ಹಾಗೆ. ಬೇಡ ಅಂದರು. ಮರ್ಯಾದೆಯಿಂದ ಬದುಕಿದ್ದಕ್ಕೆಲ್ಲ ಪದಕ ಯಾಕೆ ಅನ್ನುವ ಅರ್ಥದ ಮಾತು ಹೇಳಿದರು.

ನೇರಮಾತು:
ಪದಕ ಬೇಡ ಅನ್ನುವುದೂ ಒಂದು ಥರದ ಪ್ರಚಾರ. ಆದರೂ ಇದು ಚೆನ್ನಾಗಿದೆ. ಒಪ್ಪಿದೆ, ಅರ್ಧ.

ಪರದೆ ಹಿಂದೆ:
ಇನ್ನರ್ಧಕ್ಕೆ ಇದು. ಇವರ ಅಮ್ಮಂದಿರು ಅಳುಮುಂಜಿಗಳಲ್ಲ. ಗೆರ್ಹಾರ್ಟ್ ಹೌಪ್ಟ್‌ಮನ್ ಅವರ ಹಳೇ ನಾಟಕ ‘ಬೀವರ್ ತುಪ್ಪಳದ ಕೋಟು’, 1962ರಲ್ಲಿ ಟಿವಿಗೆ ಬಂತು. ನಿರ್ದೇಶನ ಇವರ ಎರಡನೇ ಗಂಡ ಜಾನ್ ಓಲ್ಡನ್ ಅವರದು. ಅದರಲ್ಲಿ ಇವರು ಬಟ್ಟೆ ಒಗೆಯುವ ವೋಲ್ಫ್ ಅಮ್ಮ. ಸಂಸಾರವಂದಿಗಳು, ಮಕ್ಕಳ ಮೇಲೆ ಪ್ರೀತಿ, ದುಡಿಮೆ ಎಲ್ಲ ಇದೆ. ಜೊತೆಗೆ ಪಕ್ಕಾ ಕಳ್ಳಿ! ಕೋಟು ಕದ್ದು, ವಿಚಾರಣೆ ಮಾಡುವ ಅಧಿಕಾರಿಯ ಎದುರಿಗೇ ಕೂತು ಅವನ ಕೈಯಲ್ಲೇ ‘ನೀನು ಪ್ರಾಮಾಣಿಕಳು’ ಅನ್ನಿಸಿಕೊಳ್ಳುತ್ತಾಳೆ. ಇಂಥ ತಾಯಿಯನ್ನು ನಮ್ಮ ಸೀರಿಯಲ್‌ನಲ್ಲಿ ಬರೆದು ಕೊಟ್ಟರೆ ‘ತಾಯಿ ಸೆಂಟಿಮೆಂಟ್ ಹಾಳಾಗುತ್ತೆ ಸಾರ್’ ಅಂತ ವಾಪಸ್ ಬರುತ್ತೆ. ಬಂದಿದೆ ಕೂಡ.

ಓಲ್ಡನ್ ವಿಷಯ ಬಂತಲ್ಲ, ಅದೊಂದು ಸಂಕಟದ ಕಥೆ. ಇಂಗ್ಲೆಂಡಿನ 1963ರ ರೈಲು ದರೋಡೆ ಮೇಲೆ ಜರ್ಮನ್ ಟಿವಿ ಒಂದು ದೊಡ್ಡ ಸರಣಿ ತೆಗೆಯುತ್ತಿತ್ತು. ಓಲ್ಡನ್ ನಿರ್ದೇಶಕ. 1965ರ ಸೆಪ್ಟೆಂಬರಿನಲ್ಲಿ, ಕೆಲಸದ ನಡುವೆಯೇ ತೀರಿಕೊಂಡರು. ಅದನ್ನು ಮುಗಿಸಿದವರು ಕ್ಲಾಸ್ ಪೇಟರ್ ವಿಟ್. ಅದೇ ವಿಟ್ ಶೋಲ್ಟ್ಸ್ ಸಂಸಾರದ ಸೀರಿಯಲ್‌ಗೂ ನಿರ್ದೇಶಕ. ಮೊದಲ ಕಂತು ಬಂದದ್ದು ಆ ವರ್ಷದ ಮೇನಲ್ಲಿ. ಎರಡನೇ ಕಂತಿನ ಹೊತ್ತಿಗೆ ಮೈಜೆಲ್ ಮನೆಯಲ್ಲಿ ಒಂಟಿ. ಪರದೆ ಮೇಲೆ ಮಾತ್ರ ಗಂಡ, ಮಕ್ಕಳು, ಗದ್ದಲ. ಮತ್ತೆ ಮದುವೆಯಾಗಲಿಲ್ಲ.

ರಾತ್ರಿ ಪಾಳಿ:
ಈ ಚರ್ಚೆ ಪಾಳಿ ಮುಗಿಸಿ ಬಸ್ಸಿನಲ್ಲಿ ಓದಿದೆ. ನನ್ನ ಊರು ಮಂಗಳೂರು ಕಡೆ. ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಇಂಗೆ ಮೈಜೆಲ್ ನನಗೆ ದಿನದ ಪರಿಚಯ. ನಮ್ಮಲ್ಲಿ ಮರೆವಿನ ಕಾಯಿಲೆ ಇರುವವರ ವಿಭಾಗ ಇದೆ. ಸಂಜೆ ನಾಲ್ಕರ ಮೇಲೆ ಕೆಲವರಿಗೆ ತಳಮಳ ಜಾಸ್ತಿ. ‘ಮನೆಗೆ ಹೋಗಬೇಕು, ಮಕ್ಕಳು ಕಾಯುತ್ತಿದ್ದಾರೆ’ ಅಂತ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. ಆಗ ಹಳೇ ಸೀರಿಯಲ್ ಹಾಕುತ್ತೇವೆ. ಒಬ್ಬ ಅಜ್ಜಿ ಮಗಳನ್ನೇ ‘ಮೇಡಂ’ ಅಂತ ಕರೆಯುತ್ತಾರೆ. ಟಿವಿಯಲ್ಲಿ ಈ ಧ್ವನಿ ಬಂದರೆ ಮಾತ್ರ ಕೋಟಿನ ಗುಂಡಿ ಬಿಚ್ಚುತ್ತಾರೆ. ಎಲ್ಲ ಗುಂಡಿಯೂ ಅಲ್ಲ, ಮೇಲಿನ ಎರಡು.

ಮೈಜೆಲ್ ಅವರಿಗೂ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಅವರು ಗೌರವದ ಸಾವಿನ ಹಕ್ಕಿಗಾಗಿ ಹೋರಾಡುವ ಜರ್ಮನ್ ಸಂಘದ ಸದಸ್ಯೆ. ಅದರ ಬಗ್ಗೆ ಟಿವಿಯಲ್ಲೇ ಮಾತಾಡುತ್ತಿದ್ದರು. ನನಗೆ ಆ ವಿಷಯದಲ್ಲಿ ಅವರ ಜೊತೆ ಸಹಮತ ಇಲ್ಲ. ನನ್ನ ನಂಬಿಕೆ ಬೇರೆ, ನಾನು ನೋಡುವ ಸಾವುಗಳೂ ಬೇರೆ. ಆದರೆ ಮುದುಕರ ಎದುರು ಸಾವಿನ ಮಾತು ಎತ್ತಬಾರದು ಅಂತ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರಲ್ಲ, ಅದನ್ನು ಅವರು ಮುರಿದರು. ಅಷ್ಟು ಮಾತ್ರ ನನಗೆ ಇಷ್ಟ. ಏಡ್ಸ್ ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದ ಕಾಲದಲ್ಲೂ ಅವರ ಪರ ನಿಂತವರು.

ಮಧ್ಯಾಹ್ನದ ಕಾಫಿ:
ಮೇಲಿನ ಎರಡು ಗುಂಡಿ. ಇನ್ನು ಇವತ್ತು ನನ್ನ ತಲೆಯಿಂದ ಅದು ಹೋಗಲ್ಲ ತಂಗಿ.

ಕಾಗುಣಿತ:
ಕೊನೆಯ ಪಾತ್ರ ಯಾವುದು?

ಹಳೇ ವಿದ್ಯಾರ್ಥಿ:
‘ಪೊಲಿಟ್ಸೈರೂಫ್ 110’ ಸರಣಿಯ ಒಂದು ಕಂತು, 2004. ಅದೇ ವರ್ಷ ತೀರಿಕೊಂಡರು. ಆ ಕಂತಿನ ಹೆಸರು ‘ನನ್ನ ಉಯಿಲು’ ಅನ್ನುವ ಅರ್ಥದ್ದು. ಕಾಕತಾಳೀಯವೋ ಏನೋ. ಇನ್ನೊಂದು ಮಜಾ: ಆ ಪೊಲೀಸ್ ಸರಣಿ ಹುಟ್ಟಿದ್ದು 1971ರಲ್ಲಿ ಪೂರ್ವ ಜರ್ಮನಿಯ ಟಿವಿಯಲ್ಲಿ. ಪಶ್ಚಿಮದ ಅಮ್ಮನ ಕೊನೆಯ ಕೆಲಸ ಪೂರ್ವದವರ ಸರಣಿಯಲ್ಲಿ.

ಒಗ್ಗರಣೆ ಡಬ್ಬಿ:
ಜರ್ಮನ್ ಬರದವರು ಎಲ್ಲಿಂದ ಶುರು ಮಾಡಬೇಕು? ನಗು ಬರುವಂಥದ್ದು ಹೇಳಿ, ಸಾಕು ಅಳಿಸಿದ್ದು.

ಎಲ್ಬೆ ದಂಡೆ:
ಮಿಸೆಸ್ ಹ್ಯಾರಿಸ್ ಟಿವಿ ಚಿತ್ರಗಳು. 1982ರಿಂದ 1991ರ ನಡುವೆ ಆರು ಬಂದವು. ಲಂಡನ್ನಿನಲ್ಲಿ ಮನೆಗೆಲಸ ಮಾಡುವ ಹೆಂಗಸಿಗೆ ಪ್ಯಾರಿಸ್ಸಿನ ಡಿಯೋರ್ ಗೌನ್ ಮೇಲೆ ಆಸೆಯಾಗುತ್ತೆ. ಕಾಸಿಗೆ ಕಾಸು ಕೂಡಿಸಿ ಹೊರಟೇಬಿಡುತ್ತಾಳೆ. ಭಾಷೆ ಬರದಿದ್ದರೂ ಮುಖ ನೋಡಿದರೆ ಸಾಕು. ಮೊದಲನೆಯದು ಬಂದಾಗ ಇವರಿಗೆ 72. ಅಂತೂ ನಾಯಕಿ ಆದರು, ಪರದೆ ಹಿಂದೆಯವರೇ.

ಪರದೆ ಹಿಂದೆ:
ಐವತ್ತು ವರ್ಷ ತಡವಾಗಿ.

ಎಲ್ಬೆ ದಂಡೆ:
ಭಾನುವಾರ ಓಲ್ಸ್‌ಡೋರ್ಫ್ ಸ್ಮಶಾನಕ್ಕೆ ಹೋಗಿ ಬಂದೆ. ಇವರು ಮತ್ತು ಓಲ್ಡನ್ ಅಲ್ಲೇ ಇದ್ದಾರೆ, ಒಂದೇ ಜಾಗದಲ್ಲಿ. ಸ್ಮಶಾನ ಅಂದರೆ ನಮ್ಮ ಕಲ್ಪನೆಯದ್ದಲ್ಲ. ಸುಮಾರು 390 ಹೆಕ್ಟೇರ್. ಒಳಗೆ ಊರಿನ ಬಸ್ಸೇ ಓಡುತ್ತೆ, ಸ್ಟಾಪ್‌ಗಳಿವೆ. ನಾನು ತಪ್ಪು ಸ್ಟಾಪ್‌ನಲ್ಲಿ ಇಳಿದು ಮುಕ್ಕಾಲು ಗಂಟೆ ನಡೆದೆ. ಮಳೆ ಬೇರೆ. ಹೂ ತೆಗೆದುಕೊಂಡು ಹೋಗಿದ್ದೆ, ಪೂರ್ತಿ ನೆನೆದು ಹೋಯಿತು. ಇಟ್ಟು ಬಂದೆ.

ಸಂಜೆ ಅಜ್ಜಿಗೆ ನಿಮ್ಮ ಮಾತೆಲ್ಲ ತಿಳಿದಷ್ಟು ಜರ್ಮನ್‌ನಲ್ಲಿ ಹೇಳಿದೆ. ಕಳ್ಳಿ ಅಮ್ಮನ ವಿಷಯಕ್ಕೆ ಜೋರಾಗಿ ನಕ್ಕರು. ಗುಂಡಿಯ ವಿಷಯ ಹೇಳಿದಾಗ ಏನೂ ಅನ್ನಲಿಲ್ಲ, ಎದ್ದು ಹೋಗಿ ಚಹಾ ಇಟ್ಟರು. ಆಮೇಲೆ ‘ನಿಮ್ಮ ಅಕ್ಷರದಲ್ಲಿ ಅವಳ ಹೆಸರು ಹೇಗೆ ಬರೆಯುತ್ತೀರಿ?’ ಅಂತ ಕೇಳಿದರು. ಅದೇ ಕರೆಂಟ್ ಬಿಲ್ ಹಿಂದೆ ಬರೆದು ಕೊಟ್ಟೆ. ಫ್ರಿಜ್ ಮೇಲೆ ಅಂಟಿಸಿದ್ದಾರೆ, ತಲೆಕೆಳಗಾಗಿ.

ಕಾಗುಣಿತ:
ಮೈಜೆಲ್ ಅಂತ ಬರೆದಿರಾ, ಮೈಸೆಲ್ ಅಂತಲಾ?

ಎಲ್ಬೆ ದಂಡೆ:
ಮೈಜೆಲ್ ಸರ್. ಜಾಗ ಸಾಲದೆ ‘ಲ್’ ಮಾತ್ರ ಕೆಳಗಿನ ಸಾಲಿಗೆ ಹೋಯಿತು.